ನಾನು ಬೈದ ಬಂಗಡೆ ಸಾರು

“ಆಂಟಿ, ಒಂದು ಹಾನೆಸ್ಟ್ ರಿವ್ಯೂ ಪ್ಲೀಸ್!” ಅಂಕೋಲೆಯ ನನ್ನ ಮೆಚ್ಚಿನ ಖಾನಾವಳಿಯಲ್ಲಿ ಅನ್ನಕ್ಕೆ ಬಂಗಡೆ ಸಾರು ಕಲಸುತ್ತಿದ್ದಾಗ ಯೂಟ್ಯೂಬಿನ ಯುವಕನೊಬ್ಬ ಮೊಬೈಲು ಚಾಚಿದ. ಅಲ್ಲಿರುವುದು ನಾಲ್ಕೇ ಟೇಬಲ್. ಕಿಟಕಿ ಬದಿಯದರಲ್ಲಿ ನಮ್ಮವರು ಇದ್ದಾಗಿನಿಂದಲೂ ಕೂರುತ್ತೇನೆ. ಹೊಗಳಿದರೆ ಗೋವಾಕ್ಕೆ ಹೋಗುವ ಕಾರುಗಳೆಲ್ಲ ಇಲ್ಲೇ ನಿಂತು, ನನಗೆ ಜಾಗವೇ ಇರದು. “ಟೆರಿಬಲ್! ಬರೀ ಖಾರ,” ಎಂದೆ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಚೊಕ್ಕ ಉಚ್ಚಾರದಲ್ಲಿ.

ಮರುವಾರ ಬಾಗಿಲಿನಾಚೆಗೂ ಕ್ಯೂ. ಯಜಮಾನಿ ಸುಮಿತ್ರಾ ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಲೇ ನಗುತ್ತ ಅಂದಳು: “ಬೈತಾ ಬೈತಾ ಬೆರಳು ನೆಕ್ತಾ ಇದ್ರಲಾ ಬಾಯೋರೇ, ಜನ ಅದ್ನೇ ನೋಡ್ಕಂಡ್ ಬತ್ರು. ಶೆಟ್ಲಿ ಫ್ರೈಗೂ ಸ್ವಲ್ಪ ಬೈರಿ!”

ಈಗ ನನ್ನ ಊಟ ನಿಂತುಕೊಂಡೇ. ಸಾರು ಮಾತ್ರ ಇವತ್ತಿಗೂ ಡಿವೈನ್. ಆ ಖಾನಾವಳಿಯ ಹೆಸರೇ? ಸಾರಿ, ಈ ಪತ್ರಿಕೆಯ ಸಂಪಾದಕರು ಕೇಳಿದರೂ ಹೇಳುವುದಿಲ್ಲ.