ಅಜ್ಜಿಯ ತೊಟ್ಟಿ, ಏಣಿ ಪಕ್ಕದ ಕಂಬಗಳು

ನಮ್ಮ ಬಸವನಗುಡಿ ಮನೆಯ ಹಿತ್ತಲಲ್ಲಿ ಅಕ್ಕನ ಮಕ್ಕಳಿಗೆಂದು ತಂದ ಪೂಲ್ ಇದೆ. ನೆಲ ಅಗೆದು ಕಟ್ಟಿದ್ದಲ್ಲ. ಕಬ್ಬಿಣದ ಪೈಪುಗಳ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದ, ಎದೆಮಟ್ಟದ ತೊಟ್ಟಿ; ಹತ್ತಿ ಇಳಿಯಲು ಒಂದು ಏಣಿ. ಮಕ್ಕಳಿಗೆ ಒಂದೇ ಬೇಸಿಗೆಯಲ್ಲಿ ಸಾಕಾಯಿತು. ನೀರಲ್ಲಿ ನಡೆದರೆ ಮಂಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದೇ ತಡ, ಅಜ್ಜಿ ಅದನ್ನು ತಮ್ಮದಾಗಿಸಿಕೊಂಡರು. ದಿನಾ ಬೆಳಿಗ್ಗೆ ನೈಟಿ ತೊಟ್ಟು ಅದರೊಳಗೆ ಪ್ರದಕ್ಷಿಣೆ.

ಈ ವರ್ಷ ಚೌಕಟ್ಟಿನ ಕಂಬಗಳಿಗೆ ತುಕ್ಕು ಹಿಡಿಯಿತು. ಗುಜರಿಗೆ ಹಾಕೋಣ ಎಂದರು ಅಪ್ಪ. "ಕಂಬ ಮುರಿದು ಅಮ್ಮ ಬಿದ್ರೆ?"

ಅಂದಿನಿಂದ ಅಜ್ಜಿಯನ್ನು ನೀರಿಗೆ ಇಳಿಯಲು ಬಿಡಲಿಲ್ಲ. ನಾಲ್ಕು ದಿನ ಪೂಲಿಗೆ ಇಳಿಯದಿದ್ದುದಕ್ಕೇ ಊಟಕ್ಕೆ ಗೋಡೆ ಹಿಡಿದು ಬರುವಂತಾಗಿತ್ತು. ಹಾಗಾಗಿ ಅವರ ಪರ ವಾದ ನಾನೇ ವಹಿಸಿಕೊಂಡೆ.

"ತುಕ್ಕು ಹಿಡಿದಿರೋದು ಏಣಿ ಪಕ್ಕದ ಎರಡು ಕಂಬಕ್ಕೆ ಮಾತ್ರ ಅಪ್ಪ. ನೀರೇ ಕಾರಣ ಆಗಿದ್ರೆ ಎಲ್ಲಕ್ಕೂ ಹಿಡೀಬೇಕಿತ್ತಲ್ಲ?"

"ಕಾಲೇಜಲ್ಲಿ ಡಿಬೇಟ್ ಮಾಡಿದ್ದು ಸಾಲದು ಅಂತ ಮನೇಲೂ ಶುರು ಮಾಡ್ಬೇಡ," ಎಂದರು. ಆದರೂ ಬಗ್ಗಿ ನೋಡಿದರು. ಏಣಿಯ ಸಂದಿಯಲ್ಲಿ ಕಲ್ಲುಪ್ಪಿನ ಹರಳುಗಳಿದ್ದವು.

ಕೇಳಿದರೆ, ಅಜ್ಜಿ ದಿನವೂ ಒಂದು ಮುಷ್ಟಿ ಉಪ್ಪು ತಂದು, ಏಣಿಯ ಮೇಲೆ ನಿಂತು ಮಂಡಿಗೆ ನಿವಾಳಿಸಿ, ನೀರಿಗೆ ಎಸೆಯುತ್ತಿದ್ದರಂತೆ. ಅದರಲ್ಲಿ ಅರ್ಧದಷ್ಟು ಪೈಪಿನ ಮೇಲೇ ಉದುರುತ್ತಿತ್ತು.

"ಮಂಡಿಗೆ ದೃಷ್ಟಿ ಹಾಕೋರು ಯಾರಜ್ಜಿ?"

"ಎದುರುಮನೆಯವಳು ಕಣೇ. ಅವಳಿಗೂ ಮಂಡಿನೋವು. ಅವಳ ಮನೇಲಿ ಪೂಲ್ ಇಲ್ಲ."

ಕಾರಣ ಉಪ್ಪೆಂದು ಗೊತ್ತಾದ ಮೇಲೆ ಅಪ್ಪನೂ ರಿಪೇರಿಗೆ ಒಪ್ಪಿದರು.

ನೀರು ಖಾಲಿ ಮಾಡಿ, ಹಾಳೆ ಬಿಚ್ಚಿ, ಕಂಬಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆವು. ಒಂದರ ಬುಡ ಬೆರಳಿಟ್ಟರೆ ಪುಡಿಯಾಗುವಂತಿತ್ತು. ಅಷ್ಟನ್ನು ಕತ್ತರಿಸಿ ಹೊಸ ಪೈಪ್ ತುಂಡು ವೆಲ್ಡಿಂಗ್ ಮಾಡಿಸಿದೆವು. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ನೀಲಿ ಪೇಂಟು. ಗುಜರಿ ಎಂದಿದ್ದ ಅಪ್ಪನೇ ಕುಕ್ಕರಗಾಲಲ್ಲಿ ಕೂತು ಬುಡಗಳಿಗೆ ಇನ್ನೊಂದು ಕೋಟ್ ಬಳಿದರು.

ನೀರು ತುಂಬಿಸಿದ ಮರುದಿನ ಬೆಳಿಗ್ಗೆ ಅಜ್ಜಿ ಮುಷ್ಟಿ ಬಿಗಿದುಕೊಂಡೇ ಬಂದರು.

"ಕೈಯಲ್ಲೇನಜ್ಜಿ?"

"ಗೊತ್ತಿದ್ದೂ ಕೇಳ್ಬೇಡ. ಬಕೆಟ್ ತಾ."

ಏಣಿಯಿಂದ ದೂರದಲ್ಲಿ ಬಕೆಟ್ ಇಟ್ಟೆ. ಮಂಡಿಗೆ ನಿವಾಳಿಸಿ, ಉಪ್ಪನ್ನು ಅದಕ್ಕೆ ಸುರಿದು, ಕೈ ತೊಳೆದುಕೊಂಡು ಅಜ್ಜಿ ಏಣಿ ಹತ್ತಿದರು. ಅವರು ಒಂದು ಸುತ್ತು ಮುಗಿಸುವವರೆಗೂ ಅಪ್ಪ ಆ ಬೆಸುಗೆ ಹಾಕಿದ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದರು.

"ಕೈ ತೆಗಿಯೋ," ಎಂದರು ಅಜ್ಜಿ, ನಡೆಯುತ್ತಲೇ. "ಬಣ್ಣ ಹೋಗತ್ತೆ."