ಅಕ್ಕು ಆಂಟಿಯ ಗಂಡ ಎದ್ದು ನಿಂತ ದಿನ

ಅಕ್ಕು ಆಂಟಿ ಗಂಡನ ವಾಕರನ್ನು ಎರಡನೇ ಮಹಡಿಯ ಮೆಟ್ಟಿಲಿನಿಂದ ಎಸೆದಾಗ ಅದು ಗೋಡೆಗೆ ಬಡಿದು, ಒಂದು ಕಾಲು ಮುರಿದುಕೊಂಡು ನನ್ನ ಮುಂದೆಯೇ ಬಂದು ಬಿತ್ತು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಆಗಷ್ಟೇ ಕೆಲಸಕ್ಕೆ ಬಂದಿದ್ದೆ. ಕೋಪರಖೈರಣೆಯ ಈ ಹಿರಿಯರ ನಿವಾಸದಲ್ಲಿ, ಕುರ್ಚಿ ಹಿಡಿದು ಕೂತವರ ಕೈಕಾಲು ಆಡಿಸಿ, ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸುವುದೇ ನನ್ನ ಕೆಲಸ.

ಮೇಲೆ ಹೋದರೆ, ಆರೈಕೆಗಿರುವ ಮಾನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕಲಬುರಗಿ ಕಡೆಯವಳು, ಬಾಯಿ ಜೋರು.

“ಎಂಥಾ ಹೆಂಗಸ್ರೀ ಅವ್ವಾ ನೀವು? ಮಂದಿ ಗಂಡ ಏಳ್ಲಿ ಅಂತ ಹರಕಿ ಹೊರ್ತಾರ. ನೀವು ನೋಡಿದ್ರ ಏಳಗೊಡಂಗಿಲ್ಲ.”

“ಅವರು ಕೂತೇ ಇರ್ಲಿ ಮಾರಾಯ್ತಿ.” ಅಕ್ಕು ಆಂಟಿ ಸೆರಗಿನಿಂದ ಗಂಡನ ಬಾಯಿಯ ಜೊಲ್ಲು ಒರೆಸಿದರು. “ನಾನು ಉಣ್ಣಿಸುದಿಲ್ವಾ? ಮೀಯಿಸುದಿಲ್ವಾ? ನಿನಗೆಂತ ನಷ್ಟ?”

ಗಂಡ ಜಯಶೀಲರಿಗೆ ಲಕ್ವ ಹೊಡೆದು ಎರಡು ವರ್ಷ. ಬಲಭಾಗ ಬಿದ್ದಿತ್ತು, ಮಾತು ನಿಂತಿತ್ತು. ನಮ್ಮಲ್ಲಿಗೆ ಬಂದ ಮೇಲೆ ಅವರ ಬಾಯಿಂದ ಹೊರಟ ಮೊದಲ ಮಾತು ‘ಬೇವರ್ಸಿ’. ನಾವೆಲ್ಲ ನಕ್ಕು ಚಪ್ಪಾಳೆ ತಟ್ಟಿದ್ದೆವು. ಅಕ್ಕು ಆಂಟಿ ನಕ್ಕಿರಲಿಲ್ಲ.

ವಾಕರ್ ಎಸೆದ ದಿನ ಮಧ್ಯಾಹ್ನ ಅಕ್ಕು ಆಂಟಿಯ ಕೈಯನ್ನೇ ಮೇಲೆತ್ತಿಸಲು ಹೋದೆ. ಭುಜದ ಮಟ್ಟಕ್ಕೆ ಬಂದು ಸಿಕ್ಕಿಕೊಂಡಿತು.

“ಯಾವಾಗಿನ ನೋವು ಆಂಟಿ?”

“ನಿಕಿತಾ ಹೊಟ್ಟೆಯಲ್ಲಿದ್ದಾಗಿನದು,” ಎಂದರು.

ಉಡುಪಿ ಕಡೆಯಿಂದ ಮದುವೆಯಾಗಿ ಬಂದಾಗ ಕಳವಾ ಎಂಬಲ್ಲಿ ಗಂಡನದು ಸಣ್ಣ ಹೋಟೆಲು. ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬುವುದು ಇವರ ಪಾಲು. ಸಾಂಬಾರಿಗೆ ಉಪ್ಪು ಹೆಚ್ಚಾದರೆ ದೋಸೆ ಮಗುಚುವ ಸಟ್ಟುಗದಿಂದ ಏಟು. ಹಾಲಿನವನ ಜೊತೆ ಮಾತಾಡಿದರೆ ಏಟು. ಬಸುರಿಯನ್ನು ಗ್ರೈಂಡರಿನ ಮೇಲೆ ತಳ್ಳಿದಾಗ ಭುಜದ ಎಲುಬು ಮುರಿಯಿತು. ಅದು ತಾನಾಗಿಯೇ ಅಡ್ಡಾದಿಡ್ಡಿ ಕೂಡಿಕೊಂಡಿತು. ಇನ್ನೊಂದು ಬೆಳಿಗ್ಗೆ ಅಂಗೈಯನ್ನು ಕಾದ ಕಾವಲಿಗೆ ಒತ್ತಿ ಹಿಡಿದರಂತೆ. ಕೆಲಸದವರು ನಲ್ಲಿಯನ್ನು ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತಲೇ ಇದ್ದರು. ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಇವರು ಎಡಗೈಯಲ್ಲಿ ಚಟ್ನಿ ಬಡಿಸಿದರು.

“ಲಕ್ವ ಹೊಡೆದ ದಿನ ಆಸ್ಪತ್ರೆ ಬೆಂಚಿನಲ್ಲಿ ಮಲಗಿದೆ ನೋಡು, ಮದುವೆ ಆದ ಮೇಲೆ ಅಷ್ಟು ಒಳ್ಳೆ ನಿದ್ದೆ ಬಂದದ್ದೇ ಇಲ್ಲ.”

“ಆದರೂ ಆಂಟಿ, ಕೂತೇ ಇದ್ದರೆ ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ಎದ್ದರೂ ಈಗ ಹೊಡೆಯೋಷ್ಟು ಶಕ್ತಿ ಎಲ್ಲಿದೆ?”

“ಮಲ್ಲಿಕಾ, ನಿನಗೆ ಹೊಡೆದವರಿಲ್ಲ ಅಲ್ವಾ?” ಎಂದು ಸೆರಗು ಸರಿಮಾಡಿಕೊಂಡರು.

ಡೊಂಬಿವಲಿಯಲ್ಲಿರುವ ಅವರ ಮಗಳು ನಿಕಿತಾಳಿಗೆ ಫೋನ್ ಮಾಡಿ, ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಡೋಣವೇ ಎಂದು ಕೇಳಿದೆ. “ಪಪ್ಪಾ ಅಬ್ ವೈಸೇ ನಹೀ ಹೈಂ, ದೀದಿ,” ಎಂದಳು. ಅಪ್ಪ ಈಗ ಹಾಗಿಲ್ಲವಂತೆ, ಅಮ್ಮನಿಗೆ ಹಳೆಯದು ತಲೆಯಲ್ಲಿ ಕೂತಿದೆಯಂತೆ. ಒಟ್ಟಿಗೇ ಇಡಿ, ಪ್ಲೀಸ್.

ಅಭ್ಯಾಸ ಮುಂದುವರಿಯಿತು. ಜಯಶೀಲರ ಬಲಗೈಗೆ ನನ್ನ ಮಗಳ ಸ್ಪಂಜಿನ ಚೆಂಡು ಕೊಟ್ಟಿದ್ದೆ. ಮೊದಮೊದಲು ಅದು ಬೆರಳಿನಿಂದ ಜಾರಿ ಬೀಳುತ್ತಿತ್ತು. ಬರಬರುತ್ತ ಚಪ್ಪಟೆಯಾಗತೊಡಗಿತು. ಅಕ್ಕು ಆಂಟಿ ಊಟ ಬಿಟ್ಟು ಆ ಚೆಂಡನ್ನೇ ನೋಡುತ್ತಿದ್ದರು.

ಆ ಭಾನುವಾರ ಹಾಲ್‌ನಲ್ಲಿ ಎಲ್ಲರೂ ಸುತ್ತ ಕೂತಿದ್ದಾಗ ಜಯಶೀಲರು ಕುರ್ಚಿಯ ಕೈ ಬಿಟ್ಟು ಎದ್ದು ನಿಂತರು. ಚಪ್ಪಾಳೆ ಬಿತ್ತು. ಮಾನಮ್ಮ ಅಕ್ಕು ಆಂಟಿಯ ಹೆಗಲು ಹಿಡಿದು ಅವರೆದುರು ತಂದು ನಿಲ್ಲಿಸಿದಳು.

“ಬರ್ರಿ ಕಾಕಾ, ನಿಮ್ಮ ರಾಣಿ ಕಡಿ ನಡೀರಿ.”

ಅವರು ಹೆಜ್ಜೆಯಿಟ್ಟರು, ಕಾಲೆಳೆಯುತ್ತ. ಹತ್ತಿರ ಬಂದವರೇ ಬಲಗೈಯಿಂದ ಹೆಂಡತಿಯ ಕಿವಿಯ ಮೇಲೆ ಗುದ್ದಿದರು. ಓಲೆ ಕಿತ್ತುಬಂದು ಕಿವಿಯ ಹಾಲೆ ಹರಿಯಿತು. ರಕ್ತ ಕುತ್ತಿಗೆಗಿಳಿದು ರವಿಕೆ ತೊಯ್ಯಿತು.

“ತೋಲ ತಪ್ಪಿತ್ರೀ ಮುದುಕಂದು,” ಎಂದಳು ಮಾನಮ್ಮ.

ಸಮತೋಲ ತಪ್ಪಿರಲಿಲ್ಲ. ಬೆರಳುಗಳು ಮುಷ್ಟಿ ಕಟ್ಟಿದ್ದನ್ನು ನಾನು ಕಂಡಿದ್ದೆ. ಅವರು ಮತ್ತೆ ಕೈಯೆತ್ತಿ, “ಬೇವರ್ಸಿ,” ಎಂದರು. ಈ ಸಲ ತೊದಲಲಿಲ್ಲ.

ಅಕ್ಕು ಆಂಟಿ ಪಕ್ಕದವರ ಊರುಗೋಲು ಕಿತ್ತುಕೊಂಡು ಗಂಡನ ಮೊಣಕಾಲಿಗೆ ಬೀಸಿದರು. ನಾನು ನಡುವೆ ನುಗ್ಗಿದೆ. ಏಟು ನನ್ನ ಮುಂಗೈಗೆ ಬಿದ್ದು ಕಣ್ಣು ಕತ್ತಲೆ ಬಂತು. ಇನ್ನೊಂದು ಕೈಯಿಂದ ಆಂಟಿಯ ಸೊಂಟ ತಬ್ಬಿ ಹಿಡಿದೆ.

“ಬಿಡು ಮಗಾ. ಕೂರಿಸಿಬಿಡ್ತೇನೆ ಇವರನ್ನು. ಇನ್ನು ಏಳುದೇ ಬೇಡ.”

ಕೂರಿಸಿದ್ದು ಮಾನಮ್ಮ. ಜಯಶೀಲರ ಅಂಗಿ ಹಿಡಿದು ಕುರ್ಚಿಗೆ ದೂಡಿ, “ಕುಂದ್ರೋ,” ಎಂದಳು.

ಯಾರನ್ನೂ ಕೇಳದೆ ಅಕ್ಕು ಆಂಟಿಯನ್ನು, ಸಿಬ್ಬಂದಿಯ ಕೀಲಿಯಿಂದಷ್ಟೇ ನಡೆಯುವ ಲಿಫ್ಟಿನಲ್ಲಿ ಕೆಳಗೆ ಕರೆದೊಯ್ದೆ. ನೆಲಮಹಡಿಯಲ್ಲಿ ಇನ್ನೊಬ್ಬ ನಿವಾಸಿ ರಮಾಮಣಿಯವರ ಕೋಣೆಯಲ್ಲಿ ಒಂದು ಮಂಚ ಖಾಲಿಯಿತ್ತು, ಬಾಗಿಲಿಗೆ ಒಳಚಿಲಕವಿತ್ತು. ಡಾಕ್ಟರು ಬಂದು ಕಿವಿಗೆ ಹೊಲಿಗೆ ಹಾಕಿದರು. ಸಂಜೆ ನಿಕಿತಾ ಬಂದಳು. ಅಮ್ಮನ ಬ್ಯಾಂಡೇಜು ನೋಡಿದಳು, ಊದಿದ ನನ್ನ ಕೈ ನೋಡಿದಳು. “ಇಲ್ಲೇ ಇರು ಮಮ್ಮಿ,” ಎಂದಷ್ಟೇ ಹೇಳಿ, ಬಟ್ಟೆಬರೆ ತರಲು ಮೇಲೆ ಹೋದಳು.

“ನಾಳೆ ಅವರನ್ನು ಪುನಃ ಎಬ್ಬಿಸ್ತೀಯಾ?” ಅಕ್ಕು ಆಂಟಿ ಕೇಳಿದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಎಬ್ಬಿಸ್ತೀನಿ ಆಂಟಿ. ಇಬ್ಬರು ಗಂಡಸರು ಹಿಡ್ಕೊಂಡಿರ್ತಾರೆ. ನೀವು ಅಲ್ಲಿರೋದಿಲ್ಲ.”

“ಮೆಟ್ಟಿಲು ಇಳೀಲಿಕ್ಕೆ ಎಷ್ಟು ಸಮಯ ಬೇಕು ಅವರಿಗೆ?”

“ತಿಂಗಳುಗಟ್ಟಲೆ ಬೇಕು. ಇಳಿಯದೇನೂ ಇರಬಹುದು.”

“ಇಳೀತಾರೆ. ಅವರ ಹಠ ನನಗೆ ಗೊತ್ತುಂಟು.”

ಎರಡು ವರ್ಷ ಹೆಚ್ಚಾಗಿ ಗಂಡನ ಕುರ್ಚಿಯ ಪಕ್ಕ ಕೂತೇ ಕಳೆದ ಅವರ ಮಂಡಿಗಳು ಸೆಟೆದುಕೊಂಡಿದ್ದವು; ಒಮ್ಮೆ ಎದ್ದರೆ ಹೇಗೋ ನಡೆಯುತ್ತಿದ್ದರು, ಏಳುವುದೇ ಕಷ್ಟ. ಎರಡೂ ಕೈಯಿಂದ ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ ಅರ್ಧ ಎದ್ದು ಮತ್ತೆ ಕುಸಿದರು.

“ಮೊದಲು ನನ್ನ ಕಾಲು ಸರಿ ಮಾಡು. ಅವರು ಈ ಬಾಗಿಲಿಗೆ ಬರುವಾಗ ನಾನು ಗೇಟಿನ ಹೊರಗೆ ಇರ್ಬೇಕು.”

ಪಾದಗಳನ್ನು ಸ್ವಲ್ಪ ಅಗಲಿಸಿ, ಎದೆಯನ್ನು ಮುಂದಕ್ಕೆ ಬಾಗಿಸಲು ಹೇಳಿಕೊಟ್ಟೆ. ಎದ್ದರು. ಬ್ಯಾಂಡೇಜಿನ ಮೇಲೆ ಹೊಸ ರಕ್ತದ ಚುಕ್ಕೆ ಮೂಡಿತು. ಸಾಕು ಎಂದರೂ ಕೇಳಲಿಲ್ಲ. ಕೂತು, ಉಸಿರೆಳೆದುಕೊಂಡು, ಮತ್ತೆ ಎದ್ದರು.