ಲಗ್ನಪತ್ರಿಕೆಯ ಅಕ್ಷರಕ್ಕೂ ಲೈಸೆನ್ಸು

ಫ್ರೆಂಡ್ಸ್, ಫಾಂಟ್ ಲೈಸೆನ್ಸಿನಿಂದ ಇವತ್ತು ಒಂದು ಮದುವೆ ಕೆಡುವುದರಲ್ಲಿತ್ತು. ಗುಬ್ಬಿಯ ಪ್ರೆಸ್ಸಿನಲ್ಲಿ ನಾನು ಡಿಸೈನ್ ಮಾಡಿದ ಲಗ್ನಪತ್ರಿಕೆ ಇನ್ನೇನು ಅಚ್ಚಿಗೆ ಹೋಗಬೇಕು, ಹುಡುಗಿಯ ಚಿಕ್ಕಪ್ಪ ಸಿದ್ದಲಿಂಗೇಗೌಡರು ಬಂದು ನಿಂತರು.

"ನನ್ ಹೆಸ್ರೇ ಇಲ್ಲ. ಹಾಕ್ದಿದ್ರೆ ಮದ್ವೆಗೆ ಬರಲ್ಲ."

ಪ್ರೆಸ್ಸಿನ ಬಸಣ್ಣ ನನ್ನತ್ತ ತಿರುಗಿದರು. "ಆ ಫಾಂಟ್ ಸಿ.ಡಿ. ಕೊಡಿ ಮೇಡಂ, ಇಲ್ಲೇ ಹಾಕ್ಕೊಂಡ್ ಟೈಪ್ ಮಾಡ್ಬುಡ್ತೀನಿ."

"ಆಗಲ್ಲ ಬಸಣ್ಣ. ಲೈಸೆನ್ಸ್ ಇರೋದು ತುಮಕೂರಲ್ಲಿರೋ ನನ್ ಕಂಪ್ಯೂಟರ್ ಒಂದಕ್ಕೇ. ಅಲ್ಲಿ ಸಂಜೆವರ್ಗೂ ಕರೆಂಟಿಲ್ಲ. ಬೇರೆ ಫಾಂಟಲ್ಲಿ ಹಾಕಿದ್ರೆ ಹೊಂದಲ್ಲ."

ಗೌಡರು ನನ್ನನ್ನೇ ನೋಡಿದರು. "ಕೋವಿಗೆ ಲೈಸೆನ್ಸ್ ಇರೋದು ಗೊತ್ತು ಕಣವ್ವ. ಅಕ್ಷರಕ್ಕೂ ಐತಾ?"

ಪುಣ್ಯಕ್ಕೆ, ಫಾಂಟ್ ಇಲ್ಲದ ಕಡೆಯೂ ಅಚ್ಚಾಗಲೆಂದು ಅಕ್ಷರಗಳನ್ನೆಲ್ಲ ಚಿತ್ರವಾಗಿಸಿ ತಂದಿದ್ದೆ. ಅದಕ್ಕೆ ಲೈಸೆನ್ಸಿನ ಅಡ್ಡಿಯಿಲ್ಲ. ಮೇಲಿನ 'ಶ್ರೀ ಸಿದ್ದಲಿಂಗೇಶ್ವರ ಪ್ರಸನ್ನ'ದಿಂದ 'ಸಿದ್ದಲಿಂಗೇ' ನಕಲು ಮಾಡಿ ಚಿಕ್ಕದಾಗಿಸಿದೆ. ಹುಡುಗಿಯ ತಂದೆ ರಂಗೇಗೌಡರ ಹೆಸರಿನಿಂದ 'ಗೌಡ' ನಕಲು ಮಾಡಿ ಪಕ್ಕಕ್ಕೆ ಜೋಡಿಸಿದೆ. ಚಿಕ್ಕಪ್ಪ ಕನ್ನಡಕ ಏರಿಸಿ ಓದಿ, "ಈಗ ಸರಿ" ಎಂದು ಎಲ್ಲರಿಗೂ ಕಾಫಿ ತರಿಸಿದರು. ನನಗೆ ಹೋದ ಜೀವ ಬಂತು.

ಅವರು ಹೋದ ಮೇಲೆ ಬಸಣ್ಣ ಹೇಳಿದರು, ತೆಂಗಿನ ತೋಟ ಪಾಲಾದಾಗಿನಿಂದ ಅಣ್ಣ ತಮ್ಮ ಮಾತು ಬಿಟ್ಟಿದ್ದಾರಂತೆ. ಫ್ರೆಂಡ್ಸ್, ಮದುವೆ ಮುಗಿಯುವವರೆಗೆ ಯಾರೂ ಬಾಯಿಬಿಡಬೇಡಿ. ಚಿಕ್ಕಪ್ಪನ ಅರ್ಧ ಹೆಸರು ಅಣ್ಣನದು.